ಮಣ್ಣುದಾರಿಯಲ್ಲಿ ಬಂದ ಸೋದರಮಾವ

ನಂಜನಗೂಡಿನ ಪಿಯು ಕಾಲೇಜೊಂದರಲ್ಲಿ ಭೂಗೋಳ ಹೇಳಿಕೊಡುವವನು ನಾನು. ನದಿ ಎಲ್ಲಿ ಹುಟ್ಟುತ್ತದೆ, ಮೋಡ ಎಲ್ಲಿ ಕಟ್ಟುತ್ತದೆ, ಗುಡ್ಡ ಯಾಕೆ ಗುಡ್ಡವಾಯಿತು ಎಂಬುದನ್ನೆಲ್ಲ ಬಲ್ಲವನು. ಇಂಥ ವಿದ್ವಾಂಸ ಪಕ್ಕದ ತಿ. ನರಸೀಪುರಕ್ಕೆ ಹೋಗುವಾಗ ದಾರಿ ತಪ್ಪಿದ ಎಂದರೆ ನೀವು ನಂಬುತ್ತೀರಾ? ನಾನೂ ಬಹಳ ಹೊತ್ತು ನಂಬಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಹೊಸ ಗ್ರಾವೆಲ್ ಬೈಕು. ಹೆಸರು ಬೈಕಾದರೂ ಅದು ಸೈಕಲ್ಲೇ. ಜಲ್ಲಿ, ಮಣ್ಣು, ಗಾಡಿಜಾಡುಗಳಲ್ಲಿ ಓಡಲೆಂದೇ ಮಾಡಿದ್ದು. ದಪ್ಪ ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು. ಭಾನುವಾರ ಬಂದರೆ ನಾನು ಅದನ್ನೇರಿ ನಾಲೆ ದಂಡೆ, ಕುರುಚಲು ಕಾಡು, ಗುಡ್ಡದ ಓರೆ ಎಲ್ಲ ಸುತ್ತುತ್ತಿದ್ದೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಅದನ್ನು ವರ್ಣಿಸುತ್ತಿದ್ದೆ. ನಾನು 'ಗೇರ್' ಎಂಬ ಪದ ಎತ್ತಿದರೆ ಸಾಕು, ಸಹೋದ್ಯೋಗಿಗಳೆಲ್ಲ ಬೆಲ್ ಹೊಡೆಯುವ ಮೊದಲೇ ತರಗತಿಗೆ ಹೊರಡುತ್ತಿದ್ದರು. ಕಾಲೇಜಿನ ಶಿಸ್ತಿಗೆ ನನ್ನ ಕೊಡುಗೆ ಅದು!

ಹೀಗಿರುವಾಗ ನರಸೀಪುರದಲ್ಲಿರುವ ಅಕ್ಕನ ಮಗಳು ಕಾವ್ಯಳ ನಿಶ್ಚಿತಾರ್ಥ ಗೊತ್ತಾಯಿತು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮುಹೂರ್ತ. ಅವಳಿಗೆ ನಾನೊಬ್ಬನೇ ಸೋದರಮಾವ. ಸೋದರಮಾವ ನಿಲ್ಲದೆ ತಾಂಬೂಲ ಬದಲಾಯಿಸುವ ಪದ್ಧತಿ ಅಕ್ಕನ ಮನೆಯಲ್ಲಿಲ್ಲ. ಅಂದರೆ ಅಂದಿನ ಮಟ್ಟಿಗೆ ಗಂಡಿಗಿಂತ ನಾನೇ ಮುಖ್ಯ.

"ನಾನು ಸೈಕಲ್ಲಲ್ಲಿ ಬರ್ತೀನಿ," ಎಂದೆ ಹೆಂಡತಿ ಗಿರಿಜಾಗೆ.

"ನಿಶ್ಚಿತಾರ್ಥಕ್ಕಾ? ತಲೆ ನೆಟ್ಟಗಿದೆಯೇನ್ರೀ? ಸುಮ್ನೆ ಕಾರಲ್ಲಿ ಬನ್ನಿ. ನಾನೇ ಓಡಿಸ್ತೀನಿ, ನೀವು ಮಲಗಿಕೊಂಡೇ ಬನ್ನಿ."

"ಗಂಡಿನ ತಮ್ಮ ಮೈಸೂರಲ್ಲಿ ದೊಡ್ಡ ಸೈಕಲಿಸ್ಟ್ ಅಂತೆ ಕಣೇ. ಹೆಣ್ಣಿನ ಕಡೆಯೋರು ಏನು ಅಂತ ಅವರಿಗೂ ಗೊತ್ತಾಗ್ಲಿ. ಹೆಡತಲೆ ಮೇಲಾಸಿ ಗುಡ್ಡ ಬಳಸ್ಕೊಂಡು, ನೀನು ಕಾರು ನಿಲ್ಲಿಸೋದ್ರೊಳಗೆ ಅಲ್ಲಿರ್ತೀನಿ."

"ನರಸೀಪುರಕ್ಕೆ ಹೆಡತಲೆ ಊರಿನ ಮೇಲೆ ಸುತ್ತು ಹಾಕ್ಕೊಂಡು ಯಾರ್ರೀ ಹೋಗ್ತಾರೆ?"

"ರಸಿಕರು ಹೋಗ್ತಾರೆ!"

ಗಿರಿಜಾ ನನ್ನ ರೇಷ್ಮೆ ಪಂಚೆ, ಶಲ್ಯವನ್ನು ಕಾರಿಗೆ ಹಾಕಿದಳು. ಜೊತೆಗೆ ಒಂದು ಸೋಪನ್ನೂ ಹಾಕಿದಳು. ಆಗ ಅದನ್ನು ಅವಮಾನ ಎಂದುಕೊಂಡೆ.

ಬೆಳಕು ಹರಿಯುವಾಗಲೇ ಹೊರಟೆ. ಹಿಂದಿನ ದಿನ ಸುರಿದ ಮಳೆಗೆ ನಾಲೆ ಏರಿಯ ಕೆಮ್ಮಣ್ಣು ತೊಳೆದಿಟ್ಟಂತಿತ್ತು. ಹೆಡತಲೆಯಲ್ಲಿ ಟೀ ಕುಡಿಯುವಾಗ ನಾಲ್ಕು ಜನ ಸುತ್ತ ನಿಂತು ನನ್ನ ಸೈಕಲ್ಲನ್ನು ನೋಡಿದರು. ಮದುಮಗನ ಕುದುರೆಗೂ ಅಷ್ಟು ಮರ್ಯಾದೆ ಸಿಗಲಾರದು. ಅಲ್ಲಿಂದ ಏರು. ಏದುಸಿರು ಬಿಡುತ್ತ ದಿಣ್ಣೆಯ ನೆತ್ತಿ ಹತ್ತಿ ತಿರುಗಿ ನೋಡಿದರೆ, ಹುರುಳಿ ಹೊಲ, ಹತ್ತಿ ಹೊಲ, ನೀಲಗಿರಿ ತೋಪು ಅಲೆಅಲೆಯಾಗಿ ಇಳಿದು ಹೋಗಿದ್ದವು. ಐವತ್ತು ದಾಟಿದವನು, ಎಲ್ಲೂ ಕಾಲೂರದೆ ಹತ್ತಿದ್ದೆ! ಇಳಿಜಾರಿನಲ್ಲಿ ಜಲ್ಲಿ ಚಿಮ್ಮಿಸಿಕೊಂಡು ಧುಮುಕುವಾಗ ಒಬ್ಬನೇ ಜೋರಾಗಿ ಕೂಗಿಕೊಂಡೆ. ಈ ಭಾಗವನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು.

ಇಳಿಜಾರು ಮುಗಿದಲ್ಲಿ ದಾರಿ ಕವಲೊಡೆದಿತ್ತು. ಫೋನಿನ ನಕ್ಷೆ ಬಲಕ್ಕೆ ಹೋಗು ಎಂದಿತು. ಭೂಗೋಳದ ಮೇಷ್ಟರಿಗೆ ಫೋನು ಪಾಠ ಹೇಳುವುದೇ? ನರಸೀಪುರ ಇರುವುದು ಉತ್ತರಕ್ಕೆ. ಬೆಳಗಿನ ಸೂರ್ಯನನ್ನು ಬಲಗಡೆ ಇಟ್ಟುಕೊಂಡು ಹೋದರೆ ಮುಗಿಯಿತು. ಸೂರ್ಯನನ್ನು ಬಲಗಡೆ ಇಟ್ಟುಕೊಂಡು ಎಡದ ದಾರಿಯಲ್ಲಿ ಕಾಡಿನೊಳಕ್ಕೆ ನುಗ್ಗಿದೆ.

ಸ್ವಲ್ಪ ಹೊತ್ತಿಗೆ ಮೋಡ ಕವಿದು ಸೂರ್ಯ ಕಾಣೆಯಾದ.

ಇನ್ನೂ ಸ್ವಲ್ಪ ಹೊತ್ತಿಗೆ ದಾರಿಯೂ ಕಾಣೆಯಾಯಿತು. ಕೆಮ್ಮಣ್ಣು ಮುಗಿದು ಎರೆಮಣ್ಣು ಶುರುವಾಗಿತ್ತು. ಮಳೆ ಕುಡಿದ ಎರೆಮಣ್ಣೆಂದರೆ ಹಸಿ ರಾಗಿಹಿಟ್ಟು. ಚಕ್ರಕ್ಕೆ ಮೆತ್ತಿಕೊಂಡು, ಬ್ರೇಕಿಗೆ ತುಂಬಿಕೊಂಡು, ಕೊನೆಗೆ ಸೈಕಲ್ಲು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಎತ್ತಿ ಹೆಗಲ ಮೇಲಿಟ್ಟುಕೊಂಡೆ. ಅಲ್ಲಿಯವರೆಗೆ ನಾನು ಸೈಕಲ್ ಸವಾರ. ಅಲ್ಲಿಂದ ಸೈಕಲ್ಲೇ ಸವಾರ!

ಪೊದೆಯ ಮರೆಯಲ್ಲಿ ಆಡು ಮೇಯಿಸುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡಿ ಎದ್ದು ನಿಂತರು.

"ಯಾರಪ್ಪಾ ನೀನು? ಸೈಕಲ್ ಯಾಕ್ ಒತ್ಕಂಡ್ ಓಯ್ತಿದ್ದೀಯೆ?"

"ನರಸೀಪುರಕ್ಕಮ್ಮ."

ಅಜ್ಜಿ ಸೈಕಲ್ಲನ್ನು ಸುತ್ತು ಬಂದು ನೋಡಿದರು. "ಮಡ್‌ಗಾರ್ಡ್ ಇಲ್ಲ, ಕ್ಯಾರಿಯಲ್ ಇಲ್ಲ, ಸ್ಟ್ಯಾಂಡೂ ಇಲ್ಲ. ಅಯ್ಯೋ ಪಾಪ, ಯಾರ್ ಬಿಚ್ಕಂಡ್ ಓದ್ರು ಮಗಾ?"

ಅವೆಲ್ಲ ಇಲ್ಲದ್ದಕ್ಕೇ ನಾನು ಹೆಚ್ಚಿನ ಬೆಲೆ ಕೊಟ್ಟದ್ದು ಎಂದು ವಿವರಿಸುವ ಧೈರ್ಯ ಬರಲಿಲ್ಲ. ಅವರು ಕೈ ತೋರಿದ ಕಡೆ ಹೊರಟೆ. ನಡುವೆ ಒಂದು ಕಾಲುದಾರಿ ಅದಕ್ಕಿಂತ ಹತ್ತಿರವೆಂದು ತೋರಿ ತಿರುಗಿದೆ. ಬಹಳ ದೂರ ನಡೆದು, ಹಳ್ಳ ದಾಟಿ, ಪೊದೆ ಸರಿಸಿ ನೋಡಿದರೆ, ಅದೇ ಆಡುಗಳು. ಅದೇ ಅಜ್ಜಿ.

"ಆಗ್ಲೇ ಓಗ್ಬುಟ್ ಬಂದ್ಯಾ ಮಗಾ?"

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅಕ್ಕ.

"ಎಲ್ಲಿದ್ದೀಯೋ? ಗಂಡಿನ ಕಡೆಯೋರು ಬಂದು ಕೂತಿದ್ದಾರೆ!"

"ಕಾಡಲ್ಲಿದ್ದೀನಿ ಅಕ್ಕ."

"ಯಾವ ಕಾಡು?"

"ಬೋರ್ಡ್ ಹಾಕಿಲ್ಲ ಅಕ್ಕ."

ಆ ಕಡೆಯಿಂದ ಅಳು ತಡೆದ ದನಿ. "ಬೇಡ ಅಂತ ಗಿರಿಜಾ ಬಡ್ಕೊಂಡ್ಲಂತಲ್ಲೋ. ಮಗು ಹೊಸ ಸೀರೆ ಉಟ್ಕೊಂಡು ಬಾಗಿಲು ನೋಡ್ತಾ ಕೂತಿದೆ ಕಣೋ. ಅಪ್ಪ ಇಲ್ಲದ ಮಗು, ನೀನಾದ್ರೂ..." ಎಂದು ನಿಲ್ಲಿಸಿದಳು.

ನನ್ನ ಜಂಭವೆಲ್ಲ ಎರೆಮಣ್ಣಿನಲ್ಲಿ ಹೂತುಹೋಯಿತು. ಕಾವ್ಯ ಚಿಕ್ಕವಳಿದ್ದಾಗ ಅವಳಿಗೆ ಸೈಕಲ್ ಕಲಿಸಿದವನು ನಾನೇ. ಈಗ ಸೈಕಲ್ಲಿನಿಂದಲೇ ಅವಳ ಮುಹೂರ್ತ ತಪ್ಪಿಸುವವನೂ ನಾನೇ! ಈ ಸಲ ಅಜ್ಜಿ ತೋರಿದ ದಾರಿಯಲ್ಲಿ ಎಡಬಲ ನೋಡದೆ ಓಡಿದೆ. ಡಾಂಬರು ರಸ್ತೆ ಸಿಕ್ಕಿತು. ಮಣ್ಣು ಕೆರೆದು ಸೈಕಲ್ ಹತ್ತಿದೆ. ಪುಸ್ ಎಂದಿತು. ಜಾಲಿಮುಳ್ಳು.

ಎರಡೂ ಕೈ ಎತ್ತಿ ರಸ್ತೆ ಮಧ್ಯೆ ನಿಂತೆ. ಬಾಳೆಗೊನೆ ಹೇರಿಕೊಂಡು ಬಂದ ಗೂಡ್ಸ್ ಆಟೋ ನಿಂತಿತು. ಮುಂದೆ ಚಾಲಕ ಮಾದಪ್ಪ, ಪಕ್ಕದಲ್ಲಿ ಅವನ ಹೆಂಡತಿ.

"ನರಸೀಪುರಕ್ಕಾ? ಇಂದ್ಗಡೆ ಅತ್ಕಳಿ ಸಾ. ಗೊನೆ ನಜ್ಜಾಗ್ಬಾರ್ದು, ಮೆಲ್ಲಗ್ ಕುಂತ್ಕಳಿ."

ಗೊನೆಗಳ ಮೇಲೆ ನಾನು, ನನ್ನ ಮೇಲೆ ಸೈಕಲ್ಲು. ಮಾದಪ್ಪನ ಬಾಯಿಗೆ ಬಿಡುವಿರಲಿಲ್ಲ, ಆಟೋಗೂ ಇರಲಿಲ್ಲ. ಅಕ್ಕನ ಬೀದಿಯ ತಿರುವು ಕಂಡದ್ದೇ ನನ್ನ ಜಂಭ ಹೂತಲ್ಲಿಂದ ಮೊಳಕೆಯೊಡೆಯಿತು. "ಇಲ್ಲೇ ನಿಲ್ಸಪ್ಪ!" ಎಂದು ಇಳಿದೆ. ಗಾಳಿಯಿಲ್ಲದ ಸೈಕಲ್ಲೇರಿ, ದಡಬಡ ದಡಬಡ ಎಂದು ತುಳಿಯುತ್ತ ಶಾಮಿಯಾನದ ಮುಂದೆ ಹೋಗಿ ನಿಂತೆ.

ಗಂಡಿನ ಕಡೆಯ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು! ಗಿರಿಜಾ ಸೋಪು ತಂದುಕೊಟ್ಟಳು. ಮುಖ ಬೆಳ್ಳಗಾಯಿತು, ಮೊಣಕಾಲಿನಿಂದ ಕೆಳಗೆ ಆಗಲಿಲ್ಲ. ಹಾಗೆಯೇ ರೇಷ್ಮೆ ಪಂಚೆ ಉಟ್ಟು ಕಾವ್ಯಳ ಪಕ್ಕ ನಿಂತೆ. "ಬಂದ್ಯಲ್ಲ ಮಾವ," ಎಂದು ನನ್ನ ಬೆರಳು ಹಿಡಿದುಕೊಂಡಳು. ಮುಹೂರ್ತ ಮೀರಲು ಇನ್ನೂ ಸ್ವಲ್ಪವೇ ಉಳಿದಿತ್ತು. ತಾಂಬೂಲ ಬದಲಾಯಿತು. ಅಕ್ಕ ಕಣ್ಣೊರೆಸಿಕೊಂಡು ನಕ್ಕಳು.

ಗಂಡಿನ ತಮ್ಮ ನನ್ನ ಫೋನಿನಲ್ಲಿ ದಾರಿ, ವೇಗ ಎಲ್ಲ ದಾಖಲಾಗಿದ್ದನ್ನು ನೋಡಿ ಬೆರಗಾದ. "ಅಂಕಲ್! ಕೊನೇಲಿ ಇಷ್ಟೊಂದು ಸ್ಪೀಡಾ? ನಮ್ಮ ಕ್ಲಬ್ಬಲ್ಲೇ ಹೀಗೆ ಓಡ್ಸೋರು ಯಾರೂ ಇಲ್ಲ!"

"ಅಭ್ಯಾಸ ಅಷ್ಟೇ ಕಣಪ್ಪ," ಎಂದೆ ವಿನಯದಿಂದ.

"ಮತ್ತೆ ಈ ಕಾಡಲ್ಲಿ ಸುತ್ತುಸುತ್ತಾಗಿದೆಯಲ್ಲ?"

"ಅದು ವಾರ್ಮಪ್ಪು."

ಗಂಡಿನ ತಾತ ನನ್ನ ಭುಜ ತಟ್ಟಿ, "ಎಣ್ಣಿನ ಮಾವ ಅಂದ್ರೆ ಇಂಗಿರ್ಬೇಕು ಕಣ್ರಪ್ಪಾ!" ಎಂದರು. ಎದೆ ಉಬ್ಬಿ ಶಲ್ಯ ಜಾರಿತು. ಅದನ್ನು ಸರಿಮಾಡಿಕೊಳ್ಳುತ್ತಿದ್ದಾಗ ಶಾಮಿಯಾನದ ಬಾಗಿಲಲ್ಲಿ ಮಾದಪ್ಪ ಕಾಣಿಸಿಕೊಂಡ. ಕೈಯಲ್ಲಿ ನನ್ನ ಹೆಲ್ಮೆಟ್ಟು.

"ಸಾ! ಗೊನೆ ಮೇಲೇ ಟೋಪಿ ಬುಟ್ಬುಟ್ಟು ಬಂದಿದ್ದೀರಲ್ಲಾ ಸಾ! ಅಲ್ಲಾ, ಮನೆಗಂಟ ಬುಡ್ತೀನಿ ಅಂದ್ರೆ ಮೂಲೇಲೇ ಯಾಕ್ ಇಳ್ಕಂಡ್ರಿ?"

ಮೊದಲು ನಕ್ಕವಳು ಗಿರಿಜಾ. ಆಮೇಲೆ ಯಾರು ನಗಲಿಲ್ಲ ಎಂದು ಕೇಳಿ! ತಾತ ಮಾದಪ್ಪನನ್ನೂ ಅವನ ಹೆಂಡತಿಯನ್ನೂ ಪಂಕ್ತಿಯಲ್ಲಿ ನನ್ನ ಎದುರಿಗೇ ಕೂರಿಸಿ ಹೋಳಿಗೆ ಹಾಕಿಸಿದರು. ಅವನು ಒಂದೊಂದು ಹೋಳಿಗೆಗೂ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದ.

ಆದರೂ ಆ ಗುಡ್ಡವನ್ನು ಹತ್ತಿದ್ದು ನಾನೇ ತಾನೆ? ಹೆಮ್ಮೆ ಇಳಿಯಲಿಲ್ಲ. ಮರುವಾರ ಗಂಡಿನ ತಮ್ಮ ಫೋನ್ ಮಾಡಿ, "ಅಂಕಲ್, ನೀವು ಹೋದ ದಾರೀಲೇ ನಮ್ಮ ಕ್ಲಬ್ಬಿನೋರು ಈ ಭಾನುವಾರ ಹೋಗ್ಬೇಕು ಅಂತಿದ್ದೀವಿ," ಎಂದಾಗಲಂತೂ ಸ್ಟಾಫ್ ರೂಮಿಗೆಲ್ಲ ಕೇಳುವಂತೆ ಸ್ಪೀಕರ್ ಒತ್ತಿದೆ.

"ಅದಕ್ಕೇನಪ್ಪ! ದಾರಿ ತೋರ್ಸೋಕೆ ನಾನೇ ಬರ್ತೀನಿ!"

"ಬೇಡ ಅಂಕಲ್, ನಿಮಗ್ಯಾಕೆ ತೊಂದ್ರೆ. ಆ ಮಾದಪ್ಪನ ನಂಬರ್ ಕಳ್ಸಿ ಸಾಕು."