ಎಂಟರ್ ಕೀಲಿಯ ಎರಡನೆಯ ಒತ್ತಿನ ವಿಚಾರ

ರಾಜಾಜಿನಗರ
೧೬ ಸೆಪ್ಟೆಂಬರ್ ೧೯೮೭

ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವ ಶ್ರೀ ಎಸ್. ಚನ್ನಮಲ್ಲಪ್ಪನವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಯಂತ್ರ ತಮಗಿಂತ ಕ್ಷೇಮವೆಂದೂ ನಂಬಿ, ಬಸವೇಶ್ವರನಗರದ ನಮ್ಮ ಗೃಹನಿರ್ಮಾಣ ಸಹಕಾರ ಸಂಘದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಟೈಪಿಸ್ಟ್ ಆಗಿರುವ ಇಂದ್ರಮ್ಮನಾದ ನಾನು ಮಾಡುವ ವಿನಯಪೂರ್ವಕ ನಮಸ್ಕಾರಗಳು. ಸೈಟು ಹಂಚುವ ಸರದಿ ಪಟ್ಟಿಯಿಂದ ನಲವತ್ತೊಂದು ಹೆಸರುಗಳನ್ನು ಬೇಕೆಂದೇ ಅಳಿಸಿದ್ದೇನೆಂದು ನನಗೆ ಮೆಮೊ ಬಂದಿದೆ. ಸೋಮವಾರ ಆಡಳಿತ ಮಂಡಳಿಯ ಮುಂದೆ ವಿಚಾರಣೆ. ನನ್ನ ಉತ್ತರ ಅವರಿಗೆ ಒಪ್ಪಿಗೆಯಾಗದಿದ್ದರೆ ಕೆಲಸ ಹೋಗುತ್ತದೆ. ‘ಯಂತ್ರ ತಪ್ಪು ಮಾಡುವುದಿಲ್ಲ, ಒತ್ತಿದವರು ಮಾಡುತ್ತಾರೆ’ ಎಂದು ತಾವು ಬರೆದುಕೊಟ್ಟ ಒಂದೇ ಸಾಲು ಈ ಮೆಮೊಗೆ ಆಧಾರವಾದ್ದರಿಂದ, ತಮ್ಮನ್ನು ನಾಲ್ಕು ಜನರ ಎದುರು ಹೊಗಳದೆ ಇರುವುದು ನನ್ನಿಂದಾಗದು.

ಒತ್ತಿದ್ದು ನಾನೇ, ನಿಜ. ನನಗೆ ಟೈಪಿಂಗ್ ಕಲಿಸಿದ ವೆಂಕಟರಮಣಪ್ಪ ಮೇಷ್ಟ್ರು ಹೇಳಿದ್ದು ಎರಡೇ ಪಾಠ: ಕಣ್ಣು ಬರಹದ ಮೇಲಿರಬೇಕು, ಬೇರೆಲ್ಲೂ ಅಲ್ಲ, ಒಂದು ಹೆಸರು ಮುಗಿದರೆ ಕಾಗದವನ್ನು ಎರಡು ಸಾಲು ಸರಿಸಬೇಕು. “ಹೆಸ್ರಿಗೂ ಹೆಸ್ರಿಗೂ ಮಧ್ಯೆ ಉಸ್ರಾಡೋಕೆ ಜಾಗ ಬಿಡು ಕಣಮ್ಮಾ” ಎನ್ನುತ್ತಿದ್ದರು. ಜುಲೈನಲ್ಲಿ ಒಂದು ದಿನ, ಹೆಸರು ತುಂಬಲು ತಾವು ಕಳಿಸುತ್ತಿದ್ದವರು ಯಾರೂ ಬಾರದಿದ್ದಾಗ, ಮ್ಯಾನೇಜರು ನನ್ನನ್ನು ತಮ್ಮ ಯಂತ್ರದ ಮುಂದೆ ಕೂರಿಸಿದರು. ಕಣ್ಣನ್ನು ರಿಜಿಸ್ಟರಿನಿಂದ ಎತ್ತದೆ ನಲವತ್ತೊಂದು ಹೆಸರು ಹೊಡೆದೆ, ಪ್ರತಿ ಹೆಸರಿಗೂ ಎಂಟರ್ ಕೀಲಿಯನ್ನು ಎರಡು ಸಲ ಒತ್ತಿದೆ.

ಮೊನ್ನೆ ಮತ್ತೆ ಕೂತು, ಮೇಷ್ಟ್ರ ಮಾತು ಮೀರಿ ಪರದೆಯನ್ನೇ ನೋಡುತ್ತಾ ಒತ್ತಿದಾಗ ಗುಟ್ಟು ತಿಳಿಯಿತು. ಮೊದಲ ಒತ್ತಿಗೆ ಯಂತ್ರ ಹೆಸರನ್ನು ಬರೆದುಕೊಳ್ಳುತ್ತದೆ. ಬರೆದುಕೊಳ್ಳುವ ಆ ಗಳಿಗೆಯಲ್ಲಿ ಬಂದ ಎರಡನೆಯ ಒತ್ತನ್ನು ಬಿಸಾಡದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದು, ಆಮೇಲೆ ‘ಈ ಹೆಸರನ್ನು ಅಳಿಸಲೇ?’ ಎಂದು ಕೇಳಿ, ತಾವು ಮೊದಲೇ ಸಿದ್ಧಮಾಡಿಟ್ಟ ‘ಹೌದು’ ಎಂಬುದಕ್ಕೆ ಆ ಹಳೆಯ ಒತ್ತನ್ನೇ ಒಪ್ಪಿಗೆಯೆಂದು ತಿಳಿದು, ಕಣ್ಣುಮುಚ್ಚಿ ತೆರೆಯುವುದರೊಳಗೆ ಅಳಿಸಿ, ಇನ್ನೊಂದು ಹೆಸರಿಗೆ ಬಾಯ್ದೆರೆದು ಕೂರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಕತೆ ಕೇಳಿದ್ದೆ. ಪ್ರಶ್ನೆ ಹುಟ್ಟುವ ಮುಂಚೆ ಉತ್ತರ ಹೊಲಿಸಿಟ್ಟವರನ್ನು ಈಗ ಕಂಡೆ. ಮೂರು ಅರ್ಜಿ ಕೊಟ್ಟರೂ ಫೈಲು ಅಲುಗದ ನಮ್ಮ ಆಫೀಸಿನಲ್ಲಿ ಇಂಥ ಚುರುಕನ್ನು ತಂದ ತಮಗೆ ಸನ್ಮಾನ ಆಗಬೇಕು.

ಆದರೂ ಕೆಲವು ಸಣ್ಣ ಬೇಡಿಕೆಗಳಿವೆ. ಅಳಿಸಲೇ ಎಂದು ಕೇಳುವ ಮೊದಲು ಯಂತ್ರವು ಹೊಟ್ಟೆಯಲ್ಲಿರುವ ಹಳೆಯ ಒತ್ತುಗಳನ್ನೆಲ್ಲ ಉಗುಳಿ ಬಾಯಿ ಮುಕ್ಕಳಿಸಬೇಕು. ನಮ್ಮ ಜವಾನ ಕೃಷ್ಣಪ್ಪ ಕಾಫಿ ತರಲು ಹೇಳಿದರೂ “ಏನಂದ್ರಮ್ಮಾ?” ಎಂದು ಇನ್ನೊಮ್ಮೆ ಕೇಳುತ್ತಾನೆ, ಅವನ ಕಿವುಡಿನಲ್ಲಿ ಅರ್ಧದಷ್ಟನ್ನಾದರೂ ಅದಕ್ಕೆ ಕಲಿಸಬೇಕು. ಅದು ಆಗದಿದ್ದರೆ, ನನ್ನ ಬೆರಳುಗಳಿಂದ ಇಪ್ಪತ್ತೆರಡು ವರ್ಷಗಳನ್ನು ಅಳಿಸುವ ಕೀಲಿ ಯಾವುದೆಂದು ತೋರಿಸಬೇಕು. ಯಂತ್ರಕ್ಕೂ ಒಂದು ಮೆಮೊ ಕೊಡಿಸಬೇಕು. ಅದರ ಉತ್ತರ ಹೇಗೂ ಮೊದಲೇ ಸಿದ್ಧವಿರುತ್ತದೆ.

ತಮಾಷೆ ಸಾಕು. ಕುರುಬರಹಳ್ಳಿಯ ಬೋರಮ್ಮ ಎಂಬ ವಿಧವೆ ಕೆಂಗೇರಿ ಕಡೆಯ ಒಂದು ಸೈಟಿಗಾಗಿ ಹನ್ನೊಂದು ವರ್ಷ ಕಾದವರು. ಓದು ಬಾರದ ಅವರು ಗೋಡೆಗೆ ಅಂಟಿಸಿದ ಪಟ್ಟಿಯನ್ನು ಇಬ್ಬರಿಂದ ಓದಿಸಿ ನನ್ನ ಮೇಜಿನ ಹತ್ತಿರ ಬಂದು, “ಅಮ್ಮಾ, ನನ್ ಹೆಸ್ರು ನೀವೇ ತಾನೇ ಬರ್ಕೊಂಡಿದ್ದು? ನಾನೇನ್ ಸತ್ತೋದ್ನಾ?” ಎಂದರು. ಮೆಮೊ ಕೈಗೆ ಬಂದಾಗಲೂ ನನಗೆ ಅಷ್ಟು ಉರಿದಿರಲಿಲ್ಲ.

ಆದುದರಿಂದ ಸೋಮವಾರ ತಾವು ದಯಮಾಡಿಸಿ, ಮಂಡಳಿಯವರ ಎದುರು ತಮ್ಮ ಶುಭನಾಮವನ್ನು ತಾವೇ ಟೈಪ್ ಮಾಡಿ, ಎಂಟರ್ ಕೀಲಿಯನ್ನು ಎರಡು ಸಲ ಒತ್ತಿ ತೋರಿಸಬೇಕಾಗಿ ಪ್ರಾರ್ಥನೆ.

ಇಂದಿಗೂ ಎರಡು ಸಲ ಒತ್ತುವ
ತಮ್ಮ ವಿಶ್ವಾಸಿ,
ಇಂದ್ರಮ್ಮ

ವಿ.ಸೂ.: ಕಂಪ್ಯೂಟರ್ ಬಂದಮೇಲೆ ಇವೇಕೆ ಎಂಬ ತಮ್ಮ ಸಲಹೆಯಂತೆ ಹಳೆಯ ರಿಜಿಸ್ಟರುಗಳನ್ನು ರದ್ದಿಗೆ ಹಾಕಲಾಯಿತು. ಆದರೆ ಅದೇ ಪಟ್ಟಿಯನ್ನು ಹಿಂದೆ ನಾನು ಟೈಪ್ ಮಾಡಿದಾಗಿನ ಕಾರ್ಬನ್ ಪ್ರತಿ ನನ್ನ ಡ್ರಾಯರಿನಲ್ಲಿದೆ, ಸೋಮವಾರ ತರುತ್ತೇನೆ. ಮಾಯವಾದ ನಲವತ್ತೊಂದರಲ್ಲಿ ಹದಿನೇಳನೆಯವರು ಬೋರಮ್ಮ. ಹದಿನೆಂಟನೆಯವರು ವಿಜಯನಗರದ ಸಿದ್ದಬಸಪ್ಪನವರು, ಅಂದರೆ ತಮ್ಮ ತೀರ್ಥರೂಪರು. ಅವರಿನ್ನೂ ಗೋಡೆಯ ಪಟ್ಟಿ ನೋಡಿಲ್ಲ. ಯಂತ್ರ ತಪ್ಪು ಮಾಡುವುದಿಲ್ಲ ಎಂಬ ಆ ಸಾಲನ್ನು ಅವರಿಗೆ ತಾವೇ ಓದಿ ಹೇಳುವುದು.