ಬಿದ್ದರೂ ಸಾಯದ ಮಂತ್ರಿ

ಕೆಲವರ ಜಾತಕದಲ್ಲಿ ಗಜಕೇಸರಿ ಯೋಗ ಇರುತ್ತದಂತೆ. ನನ್ನದರಲ್ಲಿ ಇರುವುದು ಎಡವಟ್ಟು ಯೋಗ. ಒಂದು ಮುಗಿಯಿತು ಅಂತ ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಬಂದು ನಿಂತಿರುತ್ತದೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿದ್ದಾಗಿನ ಮಾತು. ನಾನು ಹಾಸನದ ಒಂದು ಖಾಸಗಿ ಶಾಲೆಯಲ್ಲಿ ಚಿತ್ರಕಲೆ ಟೀಚರ್. ಐದು ವರ್ಷ ಪಾಠ ಮಾಡಿದರೂ ಹೆಸರಿನ ಮುಂದೆ 'ತಾತ್ಕಾಲಿಕ' ಅಂತಲೇ ಇತ್ತು. ಅದೇ ಆಡಳಿತ ಮಂಡಳಿಗೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಲ್ಲೂ ಒಂದೊಂದು ಶಾಲೆ. ಅಧ್ಯಕ್ಷರ ಮೊಮ್ಮಗಳು ನೋಡಿ ಬೇಜಾರಾಗಿ ಬಿಸಾಕಿದ್ದ ಇಂಗ್ಲಿಷ್ ಕಾರ್ಟೂನ್ ಸಿನಿಮಾದ ಸಿ.ಡಿ.ಯೊಂದು ಅವರ ಮನೆಯಲ್ಲಿತ್ತು. ಅದನ್ನು ನಾಲ್ಕೂ ಶಾಲೆಯ ಮಕ್ಕಳಿಗೆ ತೋರಿಸಬೇಕು, ಒಬ್ಬರು ಟಿ.ವಿ. ಪಕ್ಕ ನಿಂತು ಕನ್ನಡದಲ್ಲಿ ಕಥೆ ಹೇಳಬೇಕು ಅಂತ ಅಪ್ಪಣೆಯಾಯಿತು. ಹೆಡ್‌ಮೇಡಂ ನನ್ನ ಕಡೆ ಬೆರಳು ತೋರಿಸಿದರು.

"ಮೂರೂರು ಮುಗಿಸ್ಕೊಂಡು ಬನ್ನಿ. ಹಾಸನದ ಶೋಗೆ ಅಧ್ಯಕ್ಷರೇ ಬರ್ತಾರೆ. ಮೆಚ್ಚಿಕೊಂಡ್ರೆ ಅವತ್ತೇ ನಿಮ್ಮ ಖಾಯಂ ಆರ್ಡರಿಗೆ ಸೈನು" ಅಂದರು.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಕಥೆಯೇನೋ ಸುಲಭ. ಒಂದು ಕೋಟೆ. ಅದರಲ್ಲೊಬ್ಬ ಮುದಿ ರಾಜ, ಅವನ ಮಗಳು, ಕಪ್ಪು ನಿಲುವಂಗಿಯ ದುಷ್ಟ ಮಂತ್ರಿ. ಮಂತ್ರಿ ರಾಜನನ್ನು ನೆಲಮಾಳಿಗೆಗೆ ತಳ್ಳಿ, ಕಿರೀಟ ತಾನಿಟ್ಟುಕೊಂಡು, ತನ್ನನ್ನು ಮದುವೆಯಾಗು ಅಂತ ರಾಜಕುಮಾರಿಯನ್ನು ಪೀಡಿಸುತ್ತಾನೆ. ಅವಳು ಅಪ್ಪನನ್ನು ಬಿಡಿಸುತ್ತಾಳೆ. ಕೊನೆಗೆ ಗೋಪುರದ ತುದಿಯಲ್ಲಿ ರಾಜನ ಜೊತೆ ಕತ್ತಿವರಸೆ ನಡೆದು ಮಂತ್ರಿ ಕಂದಕಕ್ಕೆ ಬಿದ್ದು ಸಾಯುತ್ತಾನೆ.

ಟಿ.ವಿ. ಹೊರಲು ನಮ್ಮ ಶಾಲೆಯ ಅಟೆಂಡರನ್ನು ಜೊತೆಗೆ ಕಳಿಸಿದರು. ಶಾಂತಿಗ್ರಾಮದ ಕಡೆಯವರು, ಐವತ್ತು ದಾಟಿದ ಆಳು. ಊರ ನಾಟಕದಲ್ಲಿ ವರ್ಷಾ ವರ್ಷ ರಾಕ್ಷಸನ ಪಾರ್ಟು ಅವರದೇ. ಬಸ್ಸು ಹತ್ತುವಾಗಲೇ ಹೇಳಿದರು: "ಮಿಸ್, ಆ ಮಂತ್ರಿನ ಜಾಸ್ತಿ ಬೈಬ್ಯಾಡಿ. ಅವನಿಲ್ದಿದ್ರೆ ಕಥೆ ಎಲ್ಲೈತೆ?"

ಅರಕಲಗೂಡಿನ ಹಾರ

ಮೊದಲ ಶನಿವಾರ ಅರಕಲಗೂಡು. ಮಕ್ಕಳ ಜೊತೆ ಹೊಗೆಸೊಪ್ಪಿನ ಕೆಲಸ ಬಿಟ್ಟು ಅಪ್ಪಂದಿರೂ ಬಂದಿದ್ದರು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ್ದರು. ರಾಜ ಬಂದಾಗ ಯಾರೂ ತುಟಿ ಬಿಚ್ಚಲಿಲ್ಲ. ಮಂತ್ರಿ ಕಿರೀಟ ಕಿತ್ತು ತಲೆಗಿಟ್ಟುಕೊಂಡು ನಕ್ಕಿದ್ದೇ ತಡ, ಶಿಳ್ಳೆಯೋ ಶಿಳ್ಳೆ. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಬಂದು, ನನಗೆ ಹಾಕಲೆಂದು ಮೇಜಿನ ಮೇಲಿಟ್ಟಿದ್ದ ಸೇವಂತಿಗೆ ಹಾರ ಎತ್ತಿ ಟಿ.ವಿ.ಗೆ ಹಾಕಿದರು. ಅರ್ಧ ಪರದೆ ಹೂವಿನಲ್ಲಿ ಮುಚ್ಚಿಹೋಯಿತು.

"ಯಜಮಾನ್ರೆ, ಇವನು ಕೆಟ್ಟವನು. ಒಳ್ಳೆಯವನು ಆ ರಾಜ" ಅಂದೆ.

"ಆ ಅಳೋ ಪಾರ್ಟಾ? ಅಯ್ಯೋ ಬುಡಿ ಮೇಡಮ್ಮಾರೆ. ನಮ್ಮೂರಲ್ಲಿ ಪೈಪೋಟಿ ಎಲ್ಲ ರಾಕ್ಷಸನ ಪಾರ್ಟ್ಗೇಯ. ಅಳೋ ರಾಜನ ಪಾರ್ಟ ಯಾರೂ ತಗಳಾಕಿಲ್ಲ."

"ಮತ್ತೆ ಅದನ್ನ ಯಾರು ಮಾಡ್ತಾರೆ?"

"ಪಾರ್ಟ್ ಹಂಚೋ ದಿನ ಯಾರು ಬರ್ನಿಲ್ವೋ ಅವ್ರು."

ಹಾಕಿದ ಹಾರ ತೆಗೆಯಬಾರದಂತೆ. ಮಿಕ್ಕ ಸಿನಿಮಾದಲ್ಲಿ ರಾಜ ಎಲ್ಲಿ ನಿಂತಿದ್ದಾನೆ ಅಂತ ನಾನು ಹೂವಿನ ಮೇಲೆ ಕಡ್ಡಿ ಇಟ್ಟು ತೋರಿಸಿದೆ.

ಹೊಳೆನರಸೀಪುರದ ಸಂಬಂಧ

ಎರಡನೆಯದು ಹೊಳೆನರಸೀಪುರ, ನನ್ನ ತವರು. ದೇವಸ್ಥಾನದ ಪೂಜೆ ಬೇಗ ಮುಗಿಸಿಕೊಂಡು ಅಪ್ಪ ಬಂದಿದ್ದರು. ಪಕ್ಕದಲ್ಲಿ ಸೋದರತ್ತೆ. ಇಪ್ಪತ್ತೆಂಟಾದರೂ ನನಗೆ ಮದುವೆಯಾಗಿಲ್ಲ ಅನ್ನುವುದು ಅತ್ತೆಗೆ ಹಲ್ಲುನೋವಿನಂಥ ಚಿಂತೆ.

ರಾಜಕುಮಾರಿ ಮಂತ್ರಿಯ ಉಂಗುರವನ್ನು ಕಿಟಕಿಯಾಚೆ ಎಸೆದಳು. ಅತ್ತೆ ಇಡೀ ಸಭೆಗೆ ಕೇಳುವಂತೆ, "ಯಾಕಂತೆ ಬೇಡ? ಮಂತ್ರಿ ಅಂದ್ರೆ ಸರ್ಕಾರಿ ಕೆಲಸ ಅಲ್ವೇನೆ?" ಅಂದರು.

"ಅವನು ದುಷ್ಟ, ಅತ್ತೆ."

"ದುಷ್ಟ ಆದ್ರೇನು, ಖಾಯಂ ತಾನೆ?"

ಮಕ್ಕಳು ಗೊಳ್ಳೆಂದರು. ನನಗೆ ಅಳು ಬರುವುದೊಂದು ಬಾಕಿ. ಯಾವ ಮಾತನ್ನು ಮರೆಯಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿ ನೋಡಿಕೊಂಡು ಬಂದಿದ್ದೆನೋ ಅದೇ ಮಾತು. ಅಪ್ಪನಾದರೂ ನನ್ನ ಪರ ನಿಲ್ಲುತ್ತಾರೆ ಅಂತ ಆ ಕಡೆ ನೋಡಿದೆ.

ಅಪ್ಪ ಉತ್ತರೀಯ ಸರಿಮಾಡಿಕೊಂಡು ಶಾಂತವಾಗಿ ಹೇಳಿದರು: "ಅವಳಿಗೆ ಕೋಟೆ ಇದೆ, ಬೇಡ ಅಂದ್ಲು. ನೀನು ತಾತ್ಕಾಲಿಕ ಇಟ್ಕೊಂಡು ಆ ದನದ ಡಾಕ್ಟರನ್ನ ಯಾವ ಧೈರ್ಯದ ಮೇಲೆ ಬೇಡ ಅಂದೆ?"

ಚನ್ನರಾಯಪಟ್ಟಣದ ಒನ್ಸ್ ಮೋರ್

ಮೂರನೆಯದು ಚನ್ನರಾಯಪಟ್ಟಣ. ಗೋಪುರದ ತುದಿಯಲ್ಲಿ ಕತ್ತಿವರಸೆ ನಡೆಯುತ್ತಿದ್ದಾಗ ಕರೆಂಟು ಹೋಯಿತು. ಮುನ್ನೂರು ಮಕ್ಕಳು ಬೆಂಚು ಬಡಿಯತೊಡಗಿದರು. ನಾನು ಕಿರುಚಿಕೊಂಡೇ ಕಥೆ ಮುಗಿಸಲು ಹೊರಟೆ: "ಮಂತ್ರಿ ಕಾಲು ಜಾರಿ ದೊಪ್ಪಂತ ಬಿದ್ದ, ಸತ್ತೇಹೋದ."

ಅಟೆಂಡರು ಅಡ್ಡ ಬಂದರು. "ಅಂಗೆಲ್ಲ ಸಾಯಕಿಲ್ಲ ಮಿಸ್. ನಮ್ಮೂರ ನಾಟ್ಕದಲ್ಲಿ ಬಿದ್ದೋನು ಜನದ ಕಡೀಕೆ ಒಂದ್ಗಣ್ಣು ಬುಟ್ಕಂಡು ಬಿದ್ದಿರ್ಬೇಕು. ಒನ್ಸ್ ಮೋರ್ ಅಂದ್ರೆ ಎದ್ದು ಇನ್ನೊಂದ್ಸಲ ಸಾಯ್ಬೇಕಲ್ಲ. ಒಂದ್ ವರ್ಸ ನಾನು ಅನ್ನೊಂದ್ ಸಲ ಎದ್ದೆ. ಆಟದ ದಿನ ಬ್ಯಾರೆ ಊರಿಂದ ಬಂದಿದ್ದ ರಾಜನ್ಗೆ ಗದೆ ಬೀಸಿ ಬೀಸಿ ರಟ್ಟೆ ಬಿದ್ದೋಯ್ತು. ಗದೆ ಎಗಲ ಮ್ಯಾಲಾಕ್ಕಂಡು ಮನೀಗೆ ಒಂಟೋದ. ನಾನು ಇವತ್ಗೂ ಸತ್ತಿಲ್ಲ."

ಅಷ್ಟರಲ್ಲಿ ಕರೆಂಟು ಬಂತು, ಮಂತ್ರಿ ಬಿದ್ದ. ಅಟೆಂಡರು "ಒನ್ಸ್ ಮೋರ್" ಅಂದರು. ಮುನ್ನೂರು ಮಕ್ಕಳೂ ಅಂದರು. ರಿಮೋಟು ಒತ್ತಿ ಹಿಂದಕ್ಕೆ ಓಡಿಸಿದೆ. ಹೀಗೆ ಆರು ಸಲ. ಆರನೆಯ ಸಲ ಮುಗಿದಾಗ ಅಟೆಂಡರು, "ಪಾಪ, ಕಾದೋಗೈತೆ" ಅನ್ನುತ್ತಾ ಸಿ.ಡಿ. ಈಚೆ ತೆಗೆದರು. ಹೆಗಲ ಮೇಲಿನ ಟವೆಲ್ಲಿನಿಂದ, ಮೂರು ಊರಿನ ಬಸ್ಸಿನ ಧೂಳೆಲ್ಲ ಸೇರಿಸಿ, ಚೆನ್ನಾಗಿ ಉಜ್ಜಿ ನನ್ನ ಕೈಗಿಟ್ಟರು. "ನೋಡಿ ಮಿಸ್, ಈಗ ಮಕ ಕಾಣ್ಸಂಗಾಯ್ತು."

ಹಾಸನದ ಕೊನೆಯ ಅಂಕ

ನಾಲ್ಕನೆಯ ಶನಿವಾರಕ್ಕೆ ನನ್ನ ಗಂಟಲು ಪೂರ್ತಿ ಕಟ್ಟಿತ್ತು. ಮೆಣಸಿನ ಕಷಾಯ ಕುಡಿದೆ, ಕಲ್ಲುಸಕ್ಕರೆ ಚೀಪಿದೆ. ಬಾಯಿ ಬಿಟ್ಟರೆ ಬರೀ ಗಾಳಿ. ಮುಂದಿನ ಸೋಫಾದಲ್ಲಿ ಅಧ್ಯಕ್ಷರು ಕೂತಿದ್ದರು. ದೊಡ್ಡ ಜಮೀನಿನವರು, ಗಿರಿಜಾ ಮೀಸೆ, ನಗು ಕಡಿಮೆ. ಟೀಪಾಯಿಯ ಮೇಲೆ ನನ್ನ ಆರ್ಡರಿನ ಫೈಲು, ಅದರ ಮೇಲೆ ಪೆನ್ನು. ನಾನು ಕಡ್ಡಿಯನ್ನು ತಲೆಕೆಳಗಾಗಿ ಹಿಡಿದು ಟಿ.ವಿ. ಪಕ್ಕ ನಿಂತೆ.

"ಯಾಕೆದ್ರುಕತೀರಿ ಮಿಸ್. ನೀವು ತೋರ್ಸಿ, ನಾನು ದನಿ ಕೊಡ್ತೀನಿ" ಅಂದರು ಅಟೆಂಡರು.

ಕೊಟ್ಟರು ನೋಡಿ. ಮಂತ್ರಿಯ ಒಂದೊಂದು ಮಾತಿಗೂ ಕಿಟಕಿಯ ಕಂಬಳಿ ಅಲ್ಲಾಡಿತು. ಗೋಪುರದ ದೃಶ್ಯದವರೆಗೆ ಎಲ್ಲ ಸರಿಯಾಗಿತ್ತು. ಮಂತ್ರಿ ಬಿದ್ದ. ಸಿ.ಡಿ. ಟಕ್ ಅಂತು. ಮಂತ್ರಿ ಮತ್ತೆ ಗೋಪುರದ ಮೇಲಿದ್ದ. ಬಿದ್ದ. ಮತ್ತೆ ಟಕ್, ಮತ್ತೆ ಮೇಲೆ. ನಾನು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದೆ. ಒಂದೂ ಕೇಳಲಿಲ್ಲ. ಅಟೆಂಡರಿಗೆ ಮಾತ್ರ ಎಲ್ಲಿಲ್ಲದ ಹುರುಪು. ಮಂತ್ರಿ ಎದ್ದಾಗಲೆಲ್ಲ ತೊಡೆ ತಟ್ಟಿಕೊಂಡು, "ಇಷ್ಟಕ್ಕೇ ಸತ್ತೆನೆಂದು ತಿಳಿದೆಯಾ ರಾಜಾ?" ಅನ್ನುತ್ತಿದ್ದರು. ಮಕ್ಕಳು ಕುಣಿಯುತ್ತಿದ್ದರು. ನನ್ನ ಐದು ವರ್ಷ ಕಂದಕಕ್ಕೆ ಬೀಳುತ್ತಿತ್ತು, ಅದು ಮಾತ್ರ ಮೇಲೆ ಬರುತ್ತಿರಲಿಲ್ಲ.

ಹನ್ನೊಂದನೆಯ ಸಲ ಅಧ್ಯಕ್ಷರು ಎದ್ದು ನಿಂತರು. ಕುಣಿಯುತ್ತಿದ್ದ ಮಕ್ಕಳು ಕೂತುಬಿಟ್ಟರು. ನೆಟ್ಟಗೆ ಅಟೆಂಡರ ಮುಂದೆ ಹೋಗಿ ನಿಂತರು.

"ಶಾಂತಿಗ್ರಾಮದ ಕಡೇವ್ನೇನ್ಲಾ ನೀನು?"

"ಊ ಸಾ."

"ರಾಕ್ಷಸನ ಪಾರ್ಟು?"

"ಊ ಸಾ."

"ಅವತ್ತು ಇಬ್ರೂ ಬಣ್ಣ ಬಳ್ಕಂಡಿದ್ವಿ, ಮಕ ಗುರ್ತು ಸಿಗ್ನಿಲ್ಲ. ಈ ದನಿ ಮರೀತೀನಾ? ಅವತ್ತು ಗದೆ ಒತ್ಕಂಡು ಮನೀಗೋದ ರಾಜ ನಾನೇ ಕಣ್ಲಾ."

ಅಟೆಂಡರ ಕೈ ತೊಡೆಯ ಮೇಲೇ ನಿಂತುಹೋಯಿತು. ಅಧ್ಯಕ್ಷರು ಗೋಡೆಯ ಹತ್ತಿರ ಹೋಗಿ ಸ್ವಿಚ್ ಆರಿಸಿದರು. ಮಂತ್ರಿ ಕೊನೆಗೂ ಸತ್ತ.

"ಅವತ್ತು ನಿಂಗೆ ಸ್ವಿಚ್ ಇರ್ನಿಲ್ಲ" ಅಂದರು.

ಆಮೇಲೆ ಸೋಫಾದಲ್ಲಿ ಕೂತು ಫೈಲು ಬಿಚ್ಚಿ ನನ್ನನ್ನು ಕರೆದರು. "ಸೈನ್ ಆಕ್ತೀನಿ ಟೀಚರಮ್ಮ. ಆದ್ರೆ ಈ ಪೆಟ್ಗೆ ಆಟ ಸಾಕು. ಸ್ಕೂಲ್ ಡೇಗೆ ನಾಟ್ಕ ಆಡ್ಸಿ. ಈ ಸಲ ರಾಕ್ಷಸನ ಪಾರ್ಟು ನಂದು."

ನಾನು ತಲೆಯಾಡಿಸಿದೆ. ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ಟಿ.ವಿ. ಹಿಂದಿನಿಂದ ಅಟೆಂಡರ ದನಿ ಮೆಲ್ಲಗೆ ಬಂತು: "ಅಂಗಾರೆ ರಾಜನ ಪಾರ್ಟು ನಂಗಿರ್ಲಿ ಸಾ."

ಅಧ್ಯಕ್ಷರ ಪೆನ್ನು ಕಾಗದದ ಮೇಲೆ ಅಲ್ಲೇ ನಿಂತಿತು. ಅಟೆಂಡರ ರಟ್ಟೆಯನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ಬಗ್ಗಿ ಬೇರೆ ಯಾರಿಗೂ ಕೇಳದಂತೆ, "ನೀವು ಡ್ರಾಯಿಂಗ್ ಟೀಚರ್ ಅಲ್ವಾ? ಗದೆ ರಟ್ಟಿಂದೇ ಮಾಡ್ತೀರಿ ತಾನೆ?" ಅಂದರು.

ಕುತ್ತಿಗೆ ಉಳುಕುವಷ್ಟು ಜೋರಾಗಿ ತಲೆಯಾಡಿಸಿದೆ. ಸೈನು ಬಿದ್ದದ್ದು ಆಮೇಲೆ.