ಸವಾಲಿಗೆ ಹೋದ ಕ್ಯಾಮೆರಾ

"ಹೆಣ್ಮಗಳಿಗೆ ಫೋಟೋ ಅಂಗಡಿ ನಡಸಾಕ ಆಗಂಗಿಲ್ಲ" ಎಂದವನು ನನ್ನ ಸ್ವಂತ ಅಣ್ಣ. ಕುಷ್ಟಗಿಯಲ್ಲಿ ಅಂಗಡಿ ನಡೆದೇ ನಡೆಯಿತು. ಆದರೆ ನಾನೊಂದು ಮಾಡಹೋದರೆ ನಮ್ಮ ಮನೆಮಂದಿ ಇನ್ನೊಂದು ಮಾಡುವುದು ಇಂದಿಗೂ ನಿಂತಿಲ್ಲ.

ಕನಕಗಿರಿಯ ಹಿರಿಯ ಫೋಟೋಗ್ರಾಫರೊಬ್ಬರು ಅಂಗಡಿ ಮುಚ್ಚಿದಾಗ ನಾನು ಕೊಂಡ ಸಾಮಾನಿನಲ್ಲಿ ಹೆಸರಿಲ್ಲದ ಹಳೆಯ ಕ್ಯಾಮೆರಾ ಒಂದಿತ್ತು. ಶಾಲೆ ಅರ್ಧಕ್ಕೇ ಬಿಟ್ಟ ನಾನು ಪುಸ್ತಕ ತಡಕಾಡಿ ಓದಿ ಕಂಡುಕೊಂಡೆ: ಅದು ಕಂಪನಿಯವರು ಪರೀಕ್ಷೆಗೆಂದು ಮಾಡಿ, ಮಾರಾಟಕ್ಕೇ ಬಿಡದ ಮಾದರಿ. ಅದನ್ನು ಹರಾಜಿಗೆ, ನಮ್ಮ ಕಡೆಯ ಮಾತಿನಲ್ಲಿ ಸವಾಲಿಗೆ, ಇಟ್ಟು ಬಾಡಿಗೆಯ ಅಂಗಡಿಯನ್ನು ಸ್ವಂತ ಮಾಡಿಕೊಳ್ಳಬೇಕೆಂಬುದು ನನ್ನ ಹಟ.

ಕೆಂಪು ಗುರುತು

ಹರಾಜು ಕಂಪನಿಯವರೊಬ್ಬರು ಬೆಂಗಳೂರಿನಿಂದ ಮನೆಗೆ ಬಂದು ಭೂತಗನ್ನಡಿ ಹಿಡಿದರು.

"ಈ ಕೆಂಪು ಚುಕ್ಕೆ ಬಹಳ ಮುಖ್ಯ ಮೇಡಂ. ಕಾರ್ಖಾನೆಯವರ ಗುರುತಿರಬೇಕು."

"ಅದು ಕುಂಕುಮರೀ. ಮಹಾನವಮಿಗೆ ಪೂಜಿ ಮಾಡಿದ್ವಿ."

"ಹಾಗಾದರೆ ಈ ಮೂರು ಬಿಳಿ ಗೆರೆ?"

"ವಿಭೂತಿರೀ."

ಹುಣಸೆಹಣ್ಣು

"ಯಾರೂ ಒರೆಸಬೇಡಿ, ಹಳೆಯ ಕೊಳೆಗೇ ಬೆಲೆ" ಎಂದವರು ಫೋನ್ ಬಂತೆಂದು ಅಂಗಳಕ್ಕೆ ಹೋದರು. ನಾನು ಚಹಾ ಮಾಡಲು ಒಳಗೆ ಹೋದೆ. ಬಂದು ನೋಡಿದರೆ ಅವ್ವ ಹುಣಸೆಹಣ್ಣು ಹಚ್ಚಿ, ಕ್ಯಾಮೆರಾದ ಹಿತ್ತಾಳೆಯ ಒಂದು ಮಗ್ಗುಲನ್ನು ಬಂಗಾರದಂತೆ ಬೆಳಗಿಟ್ಟಿದ್ದಳು. ಅವರು ತಲೆಯ ಮೇಲೆ ಕೈಹೊತ್ತು ಕೂತರು. ಅವ್ವನಿಗೆ ಪಾಪ ಎನಿಸಿತು.

"ಬ್ಯಾಸರ ಮಾಡ್ಕೋಬ್ಯಾಡೋ ತಮ್ಮಾ, ಇನ್ನೊಂದು ಮಗ್ಗಲಾನೂ ತಿಕ್ಕಿ ಕೊಡ್ತೀನಿ."

ಮನೆಯ ಮರ್ಯಾದೆ

ಕ್ಯಾಮೆರಾ ಕೊರಿಯರಿನಲ್ಲಿ ಬೆಂಗಳೂರಿಗೆ ಹೋಯಿತು; ಹರಾಜು ಮೊಬೈಲಿನಲ್ಲೇ ನಡೆಯಿತು. ಕೂಗುವವರ ಹೆಸರು ಕಾಣುವುದಿಲ್ಲ, ನಂಬರ್ ಮಾತ್ರ. ಸಂಗ್ರಹ ಮಾಡುವವರು ಒಬ್ಬೊಬ್ಬರೇ ಹಿಂದೆ ಸರಿದರು. ಒಬ್ಬ ಮಾತ್ರ ಬಿಡಲೊಲ್ಲ. ಅಂಗಡಿಯ ಬೆಲೆಯೂ ದಾಟಿತು! ಅವ್ವ ದೇವರ ಮುಂದೆ ಸಕ್ಕರೆ ಇಟ್ಟಳು. ಅಷ್ಟರಲ್ಲಿ ಗಂಗಾವತಿಯಿಂದ ಅಣ್ಣನ ಫೋನ್.

"ತಂಗೀ, ನಿನ್ನ ಮಾಲು ಮಂದಿ ಕೈಗೆ ಹೋಗಾಕ ಬಿಡಲಿಲ್ಲ ನೋಡು. ನಾನ ಹಿಡದೆ!"

"ಯಣ್ಣಾ, ನೀ ಯಾಕ ಕೂಗಿದಿ?"

"ಗುಡ್ಯಾಗ ದೇವರಿಗೆ ಕೊಟ್ಟ ನಮ್ಮ ಮನಿ ತೆಂಗಿನಕಾಯಿ ಸವಾಲಿಗೆ ಬಂದ್ರ ನಾವ ರೇಟು ಏರಸಂಗಿಲ್ಲೇನು? ಯಾರರೆ ಅಗ್ಗಕ್ಕ ಒಯ್ದ್ರ ಮರ್ಯಾದಿ ಏನುಳೀತು?"

"ಮತ್ತ ರೊಕ್ಕ?"

"ಹುಚ್ಚಿ, ನಿನ್ನ ಮಾಲಿಗೆ ನಿನಗ ಯಾಕ ರೊಕ್ಕ ಕೊಡಬೇಕು?"

ಅಣ್ಣನಿಂದ ಒಂದು ಪೈಸೆ ಮುಟ್ಟಲಿಲ್ಲ. ಅಂಗಡಿ ಇನ್ನೂ ಬಾಡಿಗೆಯದೇ. ಆದರೆ ಜಗತ್ತಿನಲ್ಲೇ ಅಪರೂಪದ ಒಂದು ಕ್ಯಾಮೆರಾದ ಒಡತಿ ಈಗ ನಾನು. ಮೊದಲೂ ನಾನೇ ಆಗಿದ್ದೆ. ಈ ಸಲ ನನ್ನ ತಲೆಗೆ ಬಿದ್ದ ಖರ್ಚು: ಮಾರಿದವಳ ಕಮಿಷನ್, ಕೊಂಡವನ ಕಮಿಷನ್, ಬೆಂಗಳೂರಿಗೆ ಹೋಗಿಬಂದ ಕೊರಿಯರ್.